ವಧು ತಗೊಂಡಳು, ವರ ತಗೊಳ್ಳಲಿಲ್ಲ: ಒಂದು ಪ್ರಸಾದದ ಹಿಂದಿರುವ 1896ರ ತೀರ್ಪು

ಹುಬ್ಬಳ್ಳಿಯಲ್ಲಿ ಮದುವೆ ಮುಗಿಸಿಕೊಂಡು ಮಿಶ್ರಿಕೋಟಿಗೆ ಬರುವತನಕ ಮಾವ ಏನೂ ಮಾತಾಡಲಿಲ್ಲ. ಮನೆಗೆ ಬಂದು, ಚಹಾ ಕುಡಿದು, ಕಟ್ಟೆ ಮೇಲೆ ಕೂತ ಮೇಲೆ ಶುರು ಮಾಡಿದರು. “ಅಲ್ಲೋ ತಮ್ಮಾ, ಹುಡುಗನ ಅಪ್ಪಾರೂ ಸ್ವಾಮಿಗೋಳ ಅಲ್ಲೇನು? ಅವರಿಗ್ಯಾಕ ಪ್ರಸಾದ ಕೊಡ್ಲಿಲ್ಲ? ಹೋಗ್ಲಿ, ಮದುಮಗಗಾದ್ರೂ ಕೊಡಬೇಕಿತ್ತಿಲ್ಲ?”

ಹುಡುಗ ನನ್ನ ಇಂಜಿನಿಯರಿಂಗ್ ದಿನಗಳ ರೂಮ್‌ಮೇಟ್. ಪರೀಕ್ಷೆ ಮುಗಿದಾಗೆಲ್ಲ ನನ್ನ ಜೊತೆ ಮಿಶ್ರಿಕೋಟಿಗೆ ಬಂದು ಅತ್ತೆಯ ಕೈಯ ಹೋಳಿಗೆ ತಿಂದು ಹೋದವನು. ಅವನ ತಂದೆ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಸಭಾಪಾಲಕರು. ಹುಡುಗಿ ಕ್ಯಾಥೊಲಿಕ್. ಅನುಮತಿ ತಗೊಂಡು ಕ್ಯಾಥೊಲಿಕ್ ಚರ್ಚಿನಲ್ಲಿ, ಬಲಿಪೂಜೆಯೊಳಗೇ ಮದುವೆ ಆಯ್ತು. ಪರಮಪ್ರಸಾದದ ಹೊತ್ತಿಗೆ ವಧು ತಗೊಂಡಳು, ಪಕ್ಕದಲ್ಲೇ ನಿಂತಿದ್ದ ವರ ತಗೊಳ್ಳಲಿಲ್ಲ. ಮೂರು ದಶಕ ತನ್ನ ಸಭೆಗೆ ರೊಟ್ಟಿ ಮುರಿದು ಹಂಚಿದ ಅವನ ತಂದೆ ಮೊದಲ ಸಾಲಿನಲ್ಲಿ ಕೂತೇ ಇದ್ದರು. ಯಾರೂ ಅವರಿಗೆ ಅವಮಾನ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಫಾದರ್ ಅವರ ಕೈಲಿ ಬೈಬಲ್ ವಾಚನ ಮಾಡಿಸಿದರು, ಊಟದಲ್ಲಿ ಪಕ್ಕದಲ್ಲೇ ಕೂತರು. ಆದರೆ ಆ ಎರಡು ನಿಮಿಷ ಎಲ್ಲರಿಗೂ ಕಾಣಿಸಿತು.

ಇದನ್ನು ಓದಿದ ಕೂಡಲೇ ನಮ್ಮ ತಲೆಮಾರಿನವರ ತಲೆಗೆ ಬರುವ ಮೊದಲ ಅನುಮಾನ ಜಾತಿ. ಕರ್ನಾಟಕದ ಚರ್ಚುಗಳಲ್ಲಿ ಜಾತಿ ಇಲ್ಲ ಅಂತ ನಾನು ಹೇಳಲಾರೆ. ಆದರೆ ಇಲ್ಲಿ ನಡೆದದ್ದು ಅದಲ್ಲ. ಸಿಎಸ್‌ಐನಲ್ಲೇ ಅತಿ ದೊಡ್ಡವರಾದ ಬಿಷಪ್ ಬಂದಿದ್ದರೂ, ಇಂಗ್ಲೆಂಡಿನಿಂದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪೇ ಬಂದಿದ್ದರೂ ಹೀಗೇ ಆಗುತ್ತಿತ್ತು. ರೋಮ್‌ನ ಲೆಕ್ಕದಲ್ಲಿ ಅವರ್ಯಾರೂ ಯಾಜಕರೇ ಅಲ್ಲ.

ಅಂದಮೇಲೆ ಅವರು ಮಾಡುವ ಸಂಸ್ಕಾರವೂ ಪೂರ್ಣ ಅಲ್ಲ. ಎರಡು ಸಭೆಗಳ ನಡುವೆ ಪ್ರಸಾದದ ವಿಷಯದಲ್ಲಿ ಐಕ್ಯವೂ ಇಲ್ಲ. ಹಾಗಾಗಿ ಸಾಮಾನ್ಯ ಸಂದರ್ಭದಲ್ಲಿ ಇವರಿಗೆ ಅಲ್ಲಿ ಕೊಡುವಂತಿಲ್ಲ, ಕ್ಯಾಥೊಲಿಕರು ಇಲ್ಲಿ ತಗೊಳ್ಳುವಂತಿಲ್ಲ. ಸಿಎಸ್‌ಐ ಮಾತ್ರ ಬೇರೆ ಸಭೆಯವರಿಗೂ ತನ್ನ ಮೇಜು ತೆರೆದಿಟ್ಟಿದೆ. ಬಾಗಿಲು ಮುಚ್ಚಿರುವುದು ಒಂದು ಕಡೆಯಿಂದ.

ಮಾವನ ಭಾಷೆಯಲ್ಲಿ

ಮಾವನಿಗೆ ದೇವತಾಶಾಸ್ತ್ರ ಗೊತ್ತಿಲ್ಲ. ಆದರೆ ಹೊಲದ ಉತಾರ ಗೊತ್ತು. ಊರಿನ ಅರ್ಧ ಜನರ ವಾರಸಾ, ವಾಟ್ನಿ, ತಕರಾರು ಅವರ ಬಾಯಲ್ಲೇ ಇದೆ. ಹಾಗಾಗಿ ನಾನು ಅಲ್ಲಿಂದಲೇ ಶುರು ಮಾಡಿದೆ.

ಕ್ಯಾಥೊಲಿಕ್ ನಂಬಿಕೆಯ ಪ್ರಕಾರ ಯಾಜಕತ್ವ ಓದಿ ಪಡೆಯುವ ಡಿಗ್ರಿ ಅಲ್ಲ, ಸಭೆಯವರು ಆರಿಸಿ ಕೊಡುವ ಹುದ್ದೆಯೂ ಅಲ್ಲ. ಯೇಸು ತನ್ನ ಪ್ರೇಷಿತರಿಗೆ ಕೊಟ್ಟದ್ದು, ಅವರು ಇನ್ನೊಬ್ಬರ ತಲೆ ಮೇಲೆ ಕೈ ಇಟ್ಟು ದಾಟಿಸಿದ್ದು, ಆ ಬಿಷಪ್‌ಗಳು ಮುಂದಿನವರಿಗೆ ದಾಟಿಸಿದ್ದು. ಎರಡು ಸಾವಿರ ವರ್ಷದ ವಾರಸಾ. ಇದನ್ನು ಪ್ರೇಷಿತ ಪರಂಪರೆ ಅನ್ನುತ್ತಾರೆ. ನಡುವೆ ಒಂದು ಕೊಂಡಿ ತಪ್ಪಿದರೆ ಅದರ ಕೆಳಗಿನದೆಲ್ಲ ಬಿದ್ದುಹೋಗುತ್ತದೆ.

ಮಾವ ತಕ್ಷಣ ಹಿಡಿದರು. “ಮಾರಿದವನ ಹೆಸರಲೇ ಹೊಲ ಇರಲಿಲ್ಲ ಅಂದ್ರ, ಕೊಂಡವನ ಕೈಗೆ ಏನ್ ಬರತೈತಿ?”

ಅಷ್ಟೇ. ಇದರಲ್ಲಿ ವ್ಯಕ್ತಿಯ ಗುಣದ ಮಾತೇ ಬರುವುದಿಲ್ಲ. ಕುಡುಕ ಯಾಜಕ, ಭ್ರಷ್ಟ ಯಾಜಕ ಮಾಡಿದ ಬಲಿಪೂಜೆಯೂ ರೋಮ್‌ಗೆ ಸಿಂಧು. ಸಂತನಂಥ ಸಭಾಪಾಲಕ ಮಾಡಿದ್ದು ಅಸಿಂಧು. ನ್ಯಾಯ ಅನ್ನಿಸದೇ ಇರಬಹುದು. ಆದರೆ ಇದರ ಹಿಂದೆ ಭಕ್ತರ ಹಿತವೂ ಇದೆ: ಎದುರಿಗೆ ನಿಂತ ಯಾಜಕನ ಖಾಸಗಿ ಬದುಕು ಹೇಗಿದೆಯೋ ಅಂತ ಭಕ್ತ ಪ್ರತಿವಾರ ಚಿಂತೆ ಮಾಡಬೇಕಿಲ್ಲ. ತಹಶೀಲ್ದಾರ್ ಕೆಟ್ಟವನಾದರೂ ಅವನು ಕೊಟ್ಟ ಸರ್ಟಿಫಿಕೇಟ್ ನಡೆಯುತ್ತದೆ ಅನ್ನುವ ಹಾಗೆ.

ಹಾಗಾದರೆ ಇಂಗ್ಲೆಂಡಿನ ಉತಾರದಲ್ಲಿ ಕೊಂಡಿ ತಪ್ಪಿದ್ದೆಲ್ಲಿ?

8ನೇ ಹೆನ್ರಿ ರೋಮ್ ಜೊತೆ ಸಂಬಂಧ ಕಡಿದುಕೊಂಡಾಗ ಅಲ್ಲ. ಇದು ಬಹಳ ಜನ ತಪ್ಪು ತಿಳಿದಿರುವ ಜಾಗ. ಸಂಬಂಧ ಕಡಿದುಕೊಂಡರೂ ಪರಂಪರೆ ಉಳಿಯಬಹುದು. ಅದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಗೋವಾದ ಕ್ಯಾಥೊಲಿಕ್ ಯಾಜಕ ಅಂತೋನಿಯೊ ಫ್ರಾನ್ಸಿಸ್ಕೊ ಝೇವಿಯರ್ ಅಲ್ವಾರಿಸ್ ಚರ್ಚಿನ ಅಧಿಕಾರಿಗಳ ಜೊತೆ ಜಗಳವಾಗಿ ಹೊರಬಂದು, 1889ರಲ್ಲಿ ಕೇರಳದ ಸಿರಿಯನ್ ಆರ್ಥೊಡಾಕ್ಸ್ ಬಿಷಪ್‌ಗಳಿಂದ ದೀಕ್ಷೆ ಪಡೆದು ಮಾರ್ ಜೂಲಿಯಸ್ ಎಂಬ ಹೆಸರಿನ ಬಿಷಪ್ ಆದರು. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಆ ಸಮುದಾಯ ಇವತ್ತಿಗೂ ಇದೆ. ಓರಿಯೆಂಟಲ್ ಆರ್ಥೊಡಾಕ್ಸ್ ಸಭೆಗಳು ಪೋಪ್ ಅಧಿಕಾರ ಒಪ್ಪುವುದಿಲ್ಲ, ಆದರೂ ಅವರ ದೀಕ್ಷೆ ಸಿಂಧು ಎಂದೇ ರೋಮ್ ಒಪ್ಪುತ್ತದೆ. ಜಗಳ ಬೇರೆ, ಉತಾರ ಬೇರೆ.

ಇಂಗ್ಲೆಂಡಿನ ತಕರಾರು ಶುರುವಾಗುವುದು ಹೆನ್ರಿಯ ಮಗ 6ನೇ ಎಡ್ವರ್ಡ್ ಕಾಲದಲ್ಲಿ. 1550ರಲ್ಲಿ, ಮತ್ತೆ 1552ರಲ್ಲಿ, ದೀಕ್ಷೆ ಕೊಡುವ ವಿಧಿಯ ಪುಸ್ತಕವನ್ನೇ ಹೊಸದಾಗಿ ಬರೆದರು. ಹಳೆಯ ವಿಧಿಯಲ್ಲಿ ಬಲಿ ಅರ್ಪಿಸುವ ಅಧಿಕಾರ ಕೊಡುತ್ತೇವೆ ಅನ್ನುವ ಮಾತಿತ್ತು, ಅದನ್ನು ತೆಗೆದರು. ಕೈ ಇಡುವಾಗ ಪವಿತ್ರಾತ್ಮನನ್ನು ಪಡೆದುಕೋ ಅನ್ನುವ ಮಾತು ಉಳಿಯಿತು, ಆದರೆ ಆ ಮಾತಿನ ಜೊತೆ ಯಾಜಕ ಎಂದಾಗಲಿ ಬಿಷಪ್ ಎಂದಾಗಲಿ ಹುದ್ದೆಯ ಹೆಸರು ಇರಲಿಲ್ಲ. ಎಲಿಜಬೆತ್ ರಾಣಿ ಬಂದ ಮೇಲೆ, 1559ರ ಡಿಸೆಂಬರ್ 17ರಂದು ಲಂಡನ್ನಿನ ಲ್ಯಾಂಬೆತ್‌ನಲ್ಲಿ ಮ್ಯಾಥ್ಯೂ ಪಾರ್ಕರ್ ಅವರನ್ನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮಾಡಿದ್ದು ಈ ಹೊಸ ಪುಸ್ತಕದ ಪ್ರಕಾರ. ಆಂಗ್ಲಿಕನ್ ಬಿಷಪ್‌ಗಳ ಸಾಲು ಹೋಗಿ ಮುಟ್ಟುವುದು ಪಾರ್ಕರ್ ಅವರನ್ನೇ.

ಕೈ ಇಟ್ಟವರು ನಾಲ್ವರು: ಬಾರ್ಲೊ, ಸ್ಕೋರಿ, ಕವರ್‌ಡೇಲ್, ಹಾಜ್‌ಕಿನ್ಸ್. ಇವರಲ್ಲಿ ಬಾರ್ಲೊ ಮತ್ತು ಹಾಜ್‌ಕಿನ್ಸ್ ಹೆನ್ರಿ ಕಾಲದಲ್ಲೇ, ಹಳೆಯ ವಿಧಿಯಲ್ಲಿ ಬಿಷಪ್ ಆದವರು. ಬಾರ್ಲೊ ಬಿಷಪ್ ಆದ ದಾಖಲೆ ರಿಜಿಸ್ಟರ್‌ನಲ್ಲಿ ಸಿಗುವುದಿಲ್ಲ ಅಂತ ವಿರೋಧಿಗಳು ಶತಮಾನಗಟ್ಟಲೆ ಕೂಗಾಡಿದರು. ಪಾರ್ಕರ್‌ಗೆ ದೀಕ್ಷೆ ಕೊಟ್ಟದ್ದೇ ಒಂದು ಹೋಟೆಲಿನಲ್ಲಿ ಅಂತ ಸುಳ್ಳು ಕಥೆ ಕಟ್ಟಿದರು. ವಾಟ್ಸಾಪ್ ಇಲ್ಲದ ಕಾಲದ ಫಾರ್ವರ್ಡು! ರೋಮ್‌ನ ಕೊನೆಯ ತೀರ್ಪು ಇವೆರಡರ ಮೇಲೂ ನಿಂತಿಲ್ಲ. ಅದು ನಿಂತಿದ್ದು ಪತ್ರದ ಮಾತುಗಳ ಮೇಲೆ.

ಖರೀದಿ ಪತ್ರದಿಂದ ಸರ್ವೆ ನಂಬರನ್ನೇ ಬೇಕಂತ ತೆಗೆದುಹಾಕಿದ ಹಾಗೆ, ಅಂದೆ ಮಾವನಿಗೆ. ಸಹಿ ಸರಿ ಇದೆ, ಸಾಕ್ಷಿ ಇದ್ದಾರೆ, ಆದರೆ ಯಾವ ಹೊಲ ಕೊಟ್ಟೆ ಅನ್ನುವುದೇ ಇಲ್ಲ. 1662ರಲ್ಲಿ ಆಂಗ್ಲಿಕನ್ನರು ಹುದ್ದೆಯ ಹೆಸರನ್ನು ವಾಪಸ್ ಸೇರಿಸಿದರು. ರೋಮ್ ಹೇಳಿದ್ದು: ನೂರು ವರ್ಷ ಕಳೆದಿದೆ, ಅಷ್ಟರಲ್ಲಿ ಕೊಡುವ ಹಕ್ಕಿದ್ದವರೆಲ್ಲ ಸತ್ತುಹೋಗಿದ್ದರು. ಮಾರಿದವನು ಸತ್ತ ಮೇಲೆ ಪತ್ರ ತಿದ್ದಿದರೆ ಯಾವ ತಲಾಟಿ ಒಪ್ಪುತ್ತಾನೆ?

4–4ರ ಸಮಿತಿ, ಒಂದು ತೀರ್ಪು

19ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಲಾರ್ಡ್ ಹ್ಯಾಲಿಫ್ಯಾಕ್ಸ್ ಮತ್ತು ಫ್ರಾನ್ಸಿನ ಪಾದ್ರಿ ಫೆರ್ನಾಂ ಪೋರ್ತಾಲ್ ಸೇರಿ, ಎರಡು ಸಭೆಗಳನ್ನು ಹತ್ತಿರ ತರಲು ಈ ಪ್ರಶ್ನೆಯಿಂದಲೇ ಶುರು ಮಾಡೋಣ ಅಂದುಕೊಂಡರು. ಪೋಪ್ 13ನೇ ಲಿಯೊ 1896ರಲ್ಲಿ ಎಂಟು ಜನರ ಸಮಿತಿ ಮಾಡಿದರು. ಕಾರ್ಮಿಕರ ಹಕ್ಕಿನ ಬಗ್ಗೆ 1891ರಲ್ಲಿ ‘ರೇರುಮ್ ನೊವಾರುಮ್’ ಬರೆದ ಅದೇ ಲಿಯೊ. ಸಮಿತಿ ನಾಲ್ಕು–ನಾಲ್ಕಾಗಿ ಒಡೆಯಿತು. ಆಂಗ್ಲಿಕನ್ ದೀಕ್ಷೆಯನ್ನು ಸುಮ್ಮನೆ ತಳ್ಳಿಹಾಕಲಾಗದು ಅಂದವರಲ್ಲಿ ಇತಿಹಾಸಕಾರ ಡುಶೇನ್, ಮುಂದೆ ವ್ಯಾಟಿಕನ್ನಿನ ವಿದೇಶಾಂಗ ನೀತಿ ನಡೆಸಿದ ಗಾಸ್‌ಪಾರಿ ಇದ್ದರು. ಕೊನೆಗೆ ಸೆಪ್ಟೆಂಬರ್‌ನಲ್ಲಿ ‘ಅಪಾಸ್ತಲಿಕೆ ಕೂರೆ’ ಎಂಬ ಪತ್ರ ಹೊರಬಿತ್ತು. ಆಂಗ್ಲಿಕನ್ ದೀಕ್ಷೆಗಳು ಪೂರ್ತಿ ಅಸಿಂಧು ಎಂಬುದು ಅದರ ಸಾರ. ಎರಡು ಕಾರಣ ಕೊಟ್ಟರು: ವಿಧಿಯ ಮಾತುಗಳಲ್ಲಿ ದೋಷ, ಮತ್ತು ಆ ಮಾತುಗಳನ್ನು ಬದಲಿಸಿದ ಉದ್ದೇಶದಲ್ಲಿ ದೋಷ.

ಮರುವರ್ಷ ಕ್ಯಾಂಟರ್‌ಬರಿ ಮತ್ತು ಯಾರ್ಕ್‌ನ ಆರ್ಚ್‌ಬಿಷಪ್‌ಗಳು ಲ್ಯಾಟಿನ್‌ನಲ್ಲೇ ಉತ್ತರ ಬರೆದರು. ನನಗೆ ಇಷ್ಟವಾದ ಭಾಗ ಅದು. ಅವರ ವಾದ ಇಷ್ಟು: ಬಲಿಯ ಅಧಿಕಾರವನ್ನು ಬಾಯಿಬಿಟ್ಟು ಹೇಳದ ವಿಧಿಗಳು ಹಳೆಯ ಸಭೆಯಲ್ಲೂ ಇದ್ದವು, ರೋಮ್‌ನಲ್ಲೂ ಇದ್ದವು. ನಮ್ಮದು ಬಿದ್ದರೆ ನಿಮ್ಮದೂ ಬೀಳುತ್ತದೆ. ನಿಮ್ಮ ಮುತ್ತಜ್ಜನ ಪತ್ರದಲ್ಲೂ ಸರ್ವೆ ನಂಬರ್ ಇರಲಿಲ್ಲವಲ್ಲ ಅಂದ ಹಾಗೆ. ಅದಕ್ಕೆ ರೋಮ್ ಪರವಾದವರು ಕೊಡುವ ಉತ್ತರ: ಬರೆಯದೇ ಇರುವುದು ಬೇರೆ, ಬರೆದದ್ದನ್ನು ಹೊಡೆದುಹಾಕುವುದು ಬೇರೆ.

ನನ್ನ ಅಭಿಪ್ರಾಯ ಕೇಳಿದರೆ, ಈ ಕೊನೆಯ ಉತ್ತರದಲ್ಲಿ ತೂಕ ಇದೆ. ಇಂಗ್ಲೆಂಡಿನ ಸುಧಾರಕರಿಗೆ ಬಲಿ ಅರ್ಪಿಸುವ ಯಾಜಕ ಬೇಕಿರಲಿಲ್ಲ ಅನ್ನುವುದು ಅವರೇ ಬರೆದಿಟ್ಟ ಸಂಗತಿ. ಆದರೆ ಅವರ ಉದ್ದೇಶವನ್ನು ನಾನ್ನೂರು ವರ್ಷ ಕೆಳಗಿನ ಎಲ್ಲರ ಮೇಲೂ ಹೇರುವುದು ಬೇರೆ ಮಾತು.

ಈ ಜಗಳದ ಹೂರಣ ನಮ್ಮ ಕನ್ನಡದಲ್ಲೇ ಕೂತಿದೆ, ನಾವು ಗಮನಿಸುವುದಿಲ್ಲ. ಕ್ಯಾಥೊಲಿಕರು ‘ಬಲಿಪೂಜೆ’ ಅನ್ನುತ್ತಾರೆ. ಪ್ರೊಟೆಸ್ಟೆಂಟರು ‘ಕರ್ತನ ಭೋಜನ’ ಅನ್ನುತ್ತಾರೆ. ಅಲ್ಲಿ ಪೀಠ, ಇಲ್ಲಿ ಮೇಜು. ಅಲ್ಲಿ ‘ಗುರುಗಳು’, ‘ಯಾಜಕರು’, ಇಲ್ಲಿ ‘ಸಭಾಪಾಲಕರು’. ಬಲಿ ಇದ್ದಲ್ಲಿ ಅದನ್ನು ಅರ್ಪಿಸುವ ಯಾಜಕ ಬೇಕು. ಭೋಜನ ಇದ್ದಲ್ಲಿ ಸಭೆಯನ್ನು ಪಾಲಿಸುವವರು ಸಾಕು. ಲಿಯೊ ಲ್ಯಾಟಿನ್‌ನಲ್ಲಿ ಪುಟಗಟ್ಟಲೆ ಬರೆದದ್ದು ಧಾರವಾಡದ ಎರಡು ಚರ್ಚುಗಳ ನೋಟಿಸ್ ಬೋರ್ಡಿನಲ್ಲಿ ಎರಡು ಪದದಲ್ಲಿ ಸಿಗುತ್ತದೆ. ಮಾವನಂತೂ ಇಬ್ಬರನ್ನೂ ಸ್ವಾಮಿಗೋಳು ಅಂದುಬಿಟ್ಟರು. ಅವರ ಪ್ರಶ್ನೆ ಹುಟ್ಟಿದ್ದೇ ಅಲ್ಲಿಂದ.

ಧಾರವಾಡದ ಗಂಟು

ಇಷ್ಟೊತ್ತು ಆಂಗ್ಲಿಕನ್ ಅಂತ ಹೇಳುತ್ತಿದ್ದೇನೆ. ಆದರೆ ನನ್ನ ಗೆಳೆಯನ ಮನೆತನ ಆಂಗ್ಲಿಕನ್ ಮೂಲದ್ದಲ್ಲ, ಬಾಸೆಲ್ ಮಿಷನ್ ಮೂಲದ್ದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಅವರಲ್ಲಿ ಬಿಷಪ್ಪೇ ಇರಲಿಲ್ಲ. 1853ರಲ್ಲಿ ಬಂದ ಕಿಟೆಲ್ ಅದೇ ಮಿಷನ್ನಿನವರು. ನಮ್ಮ ನಿಘಂಟಿನ ಕಿಟೆಲ್ ರೋಮ್‌ನ ಲೆಕ್ಕದಲ್ಲಿ ಯಾಜಕರಲ್ಲ ಅನ್ನುವುದು ಸರಿ. ತಮಾಷೆ ಅಂದರೆ, ಕಟ್ಟಾ ಆಂಗ್ಲಿಕನ್ನರ ಲೆಕ್ಕದಲ್ಲೂ ಅಲ್ಲ, ಯಾಕೆಂದರೆ ಅವರಿಗೆ ದೀಕ್ಷೆ ಕೊಟ್ಟವರು ಬಿಷಪ್ ಅಲ್ಲ. ರೋಮ್ ಆಂಗ್ಲಿಕನ್ನರಿಗೆ ಹೇಳಿದ್ದನ್ನೇ ಆಂಗ್ಲಿಕನ್ನರು ಬೇರೆಯವರಿಗೆ ಹೇಳುತ್ತಿದ್ದರು.

ಆ ಗಂಟು ಬಿಚ್ಚಿದ್ದು ದಕ್ಷಿಣ ಭಾರತ. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಚೆನ್ನೈನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್‌ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಮೂಲದವರು ಒಂದಾಗಿ ಸಿಎಸ್‌ಐ ಮಾಡಿಕೊಂಡರು. ಅದೇ ದಿನ ಒಂಬತ್ತು ಹೊಸ ಬಿಷಪ್‌ಗಳಿಗೆ ದೀಕ್ಷೆ ಆಯಿತು. ಪ್ರೆಸ್‌ಬಿಟೇರಿಯನ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಅವರಲ್ಲಿ ಒಬ್ಬರು. ಒಪ್ಪಂದದ ಜಾಣತನ ಇಲ್ಲಿದೆ: ಮುಂದೆ ದೀಕ್ಷೆ ಎಲ್ಲ ಬಿಷಪ್‌ಗಳಿಂದಲೇ ಆಗಬೇಕು, ಆದರೆ ಈಗಾಗಲೇ ಸಭಾಪಾಲಕರಾಗಿರುವ ಯಾರಿಗೂ ಮತ್ತೆ ದೀಕ್ಷೆ ಬೇಡ. ಹಳೆಯದನ್ನು ಅಸಿಂಧು ಅನ್ನದೆ ಹೊಸದನ್ನು ಒಂದೇ ಸಾಲಿಗೆ ತಂದರು.

ಇದಕ್ಕೆ ಇಂಗ್ಲೆಂಡಿನಲ್ಲಿ ಎದ್ದ ಗಲಾಟೆ ಸಣ್ಣದಲ್ಲ. ಕವಿ ಟಿ.ಎಸ್. ಎಲಿಯಟ್ 1943ರಲ್ಲೇ ಈ ಯೋಜನೆಯ ವಿರುದ್ಧ ಪುಸ್ತಿಕೆ ಬರೆದಿದ್ದರು. ಆಂಧ್ರದ ನಂದ್ಯಾಲದ ಆಂಗ್ಲಿಕನ್ನರು ವರ್ಷಗಟ್ಟಲೆ ಹೊರಗೇ ಉಳಿದರು. ಸಿಎಸ್‌ಐನಲ್ಲಿ ದೀಕ್ಷೆ ಪಡೆದವರು ನಿಜವಾದ ಯಾಜಕರೇ ಎಂದು ಇಂಗ್ಲೆಂಡಿನ ಚರ್ಚ್ ಒಪ್ಪಿದ್ದು 1955ರಲ್ಲಿ. ಬಾಂಬೆ ಕರ್ನಾಟಕದ ಬಾಸೆಲ್ ಸಭೆಗಳು 1947ರ ನಂತರ ಸಿಎಸ್‌ಐಗೆ ಸೇರಿದವು. 1970ರಲ್ಲಿ ಮೈಸೂರು ಡಯಾಸಿಸ್ ಮೂರಾಗಿ, ಉತ್ತರದ ಡಯಾಸಿಸ್ಸಿಗೆ ಧಾರವಾಡ ಕೇಂದ್ರವಾಯಿತು. ನನ್ನ ಗೆಳೆಯನ ತಂದೆಗೆ ದೀಕ್ಷೆ ಕೊಟ್ಟದ್ದು ಬಿಷಪ್. ಆ ಬಿಷಪ್‌ನ ಸಾಲು ಲ್ಯಾಂಬೆತ್‌ನ ಪಾರ್ಕರ್ ತನಕ ಹೋಗುತ್ತದೆ. ರೋಮ್ ಬೆರಳಿಡುವುದೂ ಸರಿಯಾಗಿ ಅಲ್ಲೇ. ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ ಹುಬ್ಬಳ್ಳಿಯ ಫಾದರ್ ಏನು ಮಾಡಿಯಾರು? ಫೈಲು ಅವರ ಟೇಬಲ್ ಮೇಲಿಲ್ಲ.

ಸರ್ಕಾರದ ಲೆಕ್ಕವೇ ಬೇರೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಕಲಂ ಓದಿ. ಮದುವೆ ಮಾಡಿಸಲು ಯಾರಿಗೆ ಹಕ್ಕು? ಮೊದಲನೆಯದಾಗಿ ಬಿಷಪ್‌ನಿಂದ ದೀಕ್ಷೆ ಪಡೆದವರಿಗೆ, ಆಮೇಲೆ ಸ್ಕಾಟ್ಲೆಂಡ್ ಚರ್ಚಿನ ಪಾದ್ರಿಗಳಿಗೆ, ಆಮೇಲೆ ಲೈಸೆನ್ಸ್ ಪಡೆದ ಧರ್ಮಬೋಧಕರಿಗೆ, ರಿಜಿಸ್ಟ್ರಾರ್‌ಗೆ. ಅಂದರೆ ಬ್ರಿಟಿಷ್ ಸರ್ಕಾರ ರೋಮ್‌ನ ಯಾಜಕರನ್ನೂ ಆಂಗ್ಲಿಕನ್ ಯಾಜಕರನ್ನೂ ಒಂದೇ ಸಾಲಿನಲ್ಲಿ ಕೂರಿಸಿತು. ಬಿಷಪ್ ಇಲ್ಲದ ಬಾಸೆಲ್‌ನವರು ಲೈಸೆನ್ಸ್ ಕೇಳಬೇಕಾಯಿತು. ಪರಂಪರೆಯ ಪ್ರಶ್ನೆ ಚರ್ಚಿನ ಒಳಗಿನದು ಮಾತ್ರ ಅನ್ನುವವರಿಗೆ ಈ ಕಲಂ ತೋರಿಸಬೇಕು. ಆ ಕಾಯ್ದೆ ಇನ್ನೂ ಜಾರಿಯಲ್ಲಿದೆ.

ಮುಚ್ಚಿದ ಫೈಲು, ತೆರೆದ ಕೈ

1896ರ ನಂತರ ಏನೂ ಬದಲಾಗಿಲ್ಲವಾ? ಆಗಿದೆ, ವಿಚಿತ್ರ ರೀತಿಯಲ್ಲಿ. ಚೆನ್ನೈ ಸಮಾರಂಭ ಮುಗಿದು ಎರಡು ತಿಂಗಳಿಗೆ, 1947ರ ನವೆಂಬರ್ 30ರಂದು, 12ನೇ ಪಿಯುಸ್ ದೀಕ್ಷೆಗೆ ಬೇಕಾದ ಕ್ರಿಯೆ ಕೈ ಇಡುವುದು ಮಾತ್ರ, ಪಾತ್ರೆ ಕೈಗೆ ಕೊಡುವುದು ಕಡ್ಡಾಯವಲ್ಲ ಎಂದು ಸ್ಪಷ್ಟಪಡಿಸಿದರು. 1966ರಲ್ಲಿ 6ನೇ ಪೌಲ್ ತಮ್ಮ ಬಿಷಪ್ ಉಂಗುರವನ್ನೇ ಬಿಚ್ಚಿ ಕ್ಯಾಂಟರ್‌ಬರಿಯ ಮೈಕಲ್ ರ್‍ಯಾಮ್ಸೆ ಅವರಿಗೆ ಕೊಟ್ಟರು. ಬಿಷಪ್ ಅಲ್ಲದವರಿಗೆ ಬಿಷಪ್ ಉಂಗುರ ಯಾಕೆ ಕೊಟ್ಟರು ಅಂತ ಇಂದಿಗೂ ಆಂಗ್ಲಿಕನ್ನರು ಕೇಳುತ್ತಾರೆ. 1973ರಲ್ಲಿ ಎರಡೂ ಕಡೆಯ ಜಂಟಿ ಆಯೋಗ, ಯಾಜಕತ್ವ ಏನೆಂಬುದರ ಬಗ್ಗೆ ನಮಗೆ ಒಮ್ಮತ ಇದೆ ಅಂದಿತು.

ಇನ್ನೊಂದು ಒಳದಾರಿ ಇದೆ. 1931ರ ಬಾನ್ ಒಪ್ಪಂದದ ನಂತರ ಓಲ್ಡ್ ಕ್ಯಾಥೊಲಿಕ್ ಬಿಷಪ್‌ಗಳು ಆಂಗ್ಲಿಕನ್ ದೀಕ್ಷೆಗಳಲ್ಲಿ ಕೈ ಜೋಡಿಸತೊಡಗಿದರು. ಅವರ ಪರಂಪರೆಯನ್ನು ರೋಮ್ ಒಪ್ಪುತ್ತದೆ. ಹೊಸ ಮಾಲೀಕನ ಪತ್ರಕ್ಕೆ ಹಕ್ಕಿದ್ದ ಇನ್ನೊಬ್ಬ ಸಹಿ ಹಾಕಿದ ಹಾಗೆ. 1994ರಲ್ಲಿ ಲಂಡನ್ನಿನ ನಿವೃತ್ತ ಆಂಗ್ಲಿಕನ್ ಬಿಷಪ್ ಗ್ರಹಾಂ ಲೆನರ್ಡ್ ಕ್ಯಾಥೊಲಿಕ್ ಆದಾಗ, ಅವರ ಸಾಲಿನಲ್ಲಿ ಇಂಥ ಸಹಿ ಇದ್ದುದರಿಂದ, ಮೊದಲೇ ಸಿಂಧು ಆಗಿರದಿದ್ದಲ್ಲಿ ಎಂಬ ಷರತ್ತಿನೊಂದಿಗೆ ಯಾಜಕ ದೀಕ್ಷೆ ಕೊಟ್ಟರು. ‘ಪೂರ್ತಿ ಅಸಿಂಧು’ ಅನ್ನುವ ತೀರ್ಪಿನ ಒಳಗೆ ಇದೊಂದು ಅನುಮಾನದ ಲಾಭ. ಆದರೆ ಇದು ಒಬ್ಬರ ಪ್ರಕರಣ. ಇಂದಿಗೂ ಆಂಗ್ಲಿಕನ್ ಯಾಜಕರು ರೋಮ್‌ಗೆ ಬಂದರೆ ಸಾಮಾನ್ಯವಾಗಿ ಹೊಸದಾಗಿಯೇ ದೀಕ್ಷೆ ಪಡೆಯಬೇಕು. 1998ರಲ್ಲಿ, ಆಗ ಕಾರ್ಡಿನಲ್ ಆಗಿದ್ದ ರ್‍ಯಾಟ್ಸಿಂಗರ್ ಅವರ ಕಚೇರಿ, ಬದಲಾಯಿಸಲಾಗದ ಬೋಧನೆಗಳ ಉದಾಹರಣೆಗಳಲ್ಲಿ 1896ರ ತೀರ್ಪನ್ನೂ ಸೇರಿಸಿತು.

ಈಗ ಫೈಲಿನ ಮೇಲೆ ಇನ್ನೊಂದು ಕಲ್ಲು ಬಿದ್ದಿದೆ: ಹೆಣ್ಣುಮಕ್ಕಳು. ಹೊರಗೇ ಉಳಿದಿದ್ದೆ ಅಂದೆನಲ್ಲ, ಅದೇ ನಂದ್ಯಾಲದಲ್ಲಿ 2013ರಲ್ಲಿ ಇ. ಪುಷ್ಪಲಲಿತಾ ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಆದರು. 2025ರ ಅಕ್ಟೋಬರ್‌ನಲ್ಲಿ ಕ್ಯಾಂಟರ್‌ಬರಿಗೆ ಸಾರಾ ಮುಲಾಲಿ ಅವರ ಹೆಸರು ಪ್ರಕಟವಾಯಿತು. ಹೆಣ್ಣಿಗೆ ಯಾಜಕ ದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ ಎಂದು 2ನೇ ಜಾನ್ ಪೌಲ್ 1994ರಲ್ಲಿ ಹೇಳಿಯಾಗಿದೆ. ನಾಳೆ ಯಾರಾದರೂ 1559ರ ಪತ್ರವನ್ನು ಸರಿ ಅಂದರೂ, ಇವರು ಕೈ ಇಟ್ಟವರ ಗತಿ ಏನು ಅನ್ನುವ ಪ್ರಶ್ನೆ ಏಳುತ್ತದೆ. ಒಂದು ತಪ್ಪಿದ ಪದಕ್ಕಾಗಿ ಶುರುವಾದ ತಕರಾರಿಗೆ ಈಗ ಮಹಿಳೆಯರನ್ನು ಕಾರಣವಾಗಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಅವರು ಬರುವ ಮೊದಲೂ ಬಾಗಿಲು ಮುಚ್ಚಿಯೇ ಇತ್ತು.

ಮಾವ ಅಷ್ಟನ್ನೂ ಕೇಳಿಸಿಕೊಂಡು ಎಲೆಗೆ ಸುಣ್ಣ ಹಚ್ಚಿದರು. “ಎಲ್ಲಾ ಬಿಡು. ನಾಳೆ ಕೂಸು ಹುಟ್ಟಿದ್ರ ಸ್ನಾನ ಯಾರು ಮಾಡಸ್ತಾರ?”

ದೀಕ್ಷಾಸ್ನಾನದ ಮಟ್ಟಿಗೆ ತಕರಾರೇ ಇಲ್ಲ. ನೀರು ಬೇಕು, ತಂದೆ ಮಗ ಪವಿತ್ರಾತ್ಮರ ಹೆಸರು ಬೇಕು, ಸಭೆ ಮಾಡುವುದನ್ನು ಮಾಡುವ ಮನಸ್ಸು ಬೇಕು. ಯಾರು ಮಾಡಿಸಿದರೂ ರೋಮ್‌ಗೆ ಅದು ಸಿಂಧು, ಮತ್ತೆ ಮಾಡಿಸುವಂತಿಲ್ಲ. ಅದಕ್ಕೇ ನನ್ನ ಗೆಳೆಯನಿಗೆ ಮದುವೆಗೆ ಮುಂಚೆ ಯಾರೂ ಮತ್ತೆ ಸ್ನಾನ ಮಾಡಿಸಲಿಲ್ಲ. ಆದರೆ ಅನುಮತಿ ಪಡೆಯುವಾಗ, ಮಕ್ಕಳಿಗೆ ಕ್ಯಾಥೊಲಿಕ್ ಸಭೆಯಲ್ಲೇ ದೀಕ್ಷಾಸ್ನಾನ ಮಾಡಿಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ಹುಡುಗಿ ಮಾತು ಕೊಟ್ಟಿದ್ದಾಳೆ. ನಿಯಮ ಇದೆ. ಹುಡುಗನಿಗೆ ಅದನ್ನು ತಿಳಿಸುತ್ತಾರೆ, ಅವನ ಮಾತು ಕೇಳುವುದಿಲ್ಲ.

“ಅಜ್ಜ ಮಾಡಿಸಿದ್ರ?” ಅಂದರು ಮಾವ.

ಅಜ್ಜ ಮಾಡಿಸಿದರೆ ನಡೆಯುತ್ತದೆ. ಆಕೆ ಕೊಟ್ಟ ಮಾತು ಏನಾಯ್ತು ಅಂತ ಫಾದರ್ ಕೇಳಬಹುದು, ಕೂಸಿನ ಸ್ನಾನ ಅಸಿಂಧು ಅನ್ನುವಂತಿಲ್ಲ. ಮೂವತ್ತು ವರ್ಷ ಅವರು ಮಾಡಿದ್ದರಲ್ಲಿ ರೋಮ್ ತಕರಾರಿಲ್ಲದೆ ಒಪ್ಪುವ ಕೆಲಸ ಅದು. ಅವರ ಸಭೆಯ ಯಾವ ಅಜ್ಜಿ ತುರ್ತಿಗೆ ಮಾಡಿಸಿದರೂ ಒಪ್ಪುವಂಥದ್ದೇ.

ಮಾವ ಎಲೆ ಬಾಯಿಗಿಟ್ಟುಕೊಂಡು, “ಅವರಿಗೆ ಇದನ್ನ ಹೇಳಬ್ಯಾಡ” ಅಂದರು.